ಗ್ರಹಯಂತ್ರದ ಎರಡು ಹಲ್ಲುಗಳು

ಮ್ಯೂಸಿಯಮ್ಮಿನ ಹಿಂದಿನ ಕೋಣೆ
ಶುಕ್ರವಾರ, ಮಾರ್ಚ್ ೧೪

ಪ್ರೀತಿಯ ಅಪ್ಪನಿಗೆ,

ಕಣ್ಣು ಹೇಗಿದೆ? ಪೊರೆ ತೆಗೆಸಿಕೊಂಡು ಹತ್ತು ದಿನವೂ ಆಗಿಲ್ಲ, ಆಗಲೇ ಟಿವಿಗೆ ಮೂಗು ತಾಗಿಸಿ ಕೂರುತ್ತೀರಂತೆ. ಅತ್ತಿಗೆ ಹೇಳಿದರು. ಅಣ್ಣನ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ ಅಂದುಕೊಂಡಿರಾ? ಮೂರು ಹೊತ್ತು ಔಷಧಿ ಹಾಕಿಸಿಕೊಳ್ಳಿ. ಇಲ್ಲಿ ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧ ಕೇಳಿಸಿಕೊಂಡು ಪೂರ್ತಿಗೆ ಹೂಂ ಅನ್ನುತ್ತೀರಿ, ಅದಕ್ಕೇ ದಪ್ಪ ಪೆನ್ನಿನಲ್ಲಿ ದೊಡ್ಡ ಅಕ್ಷರ ಮಾಡಿ ಬರೆಯುತ್ತಿದ್ದೇನೆ.

ಸುದ್ದಿ ನಿಮ್ಮ ಮುದುಕಿಯದು. ಅದೇ, ನಮ್ಮ ಹಿತ್ತಾಳೆಯ ಗ್ರಹಯಂತ್ರ, ವಿಡಿಯೋ ಗೇಮ್ ಸೇರಿದೆ. ನಗಬೇಡಿ, ನಿಜ. ಹಳೆಯ ಕಾಲದ ವಿಜ್ಞಾನವನ್ನು ಶಾಲೆಯ ಮಕ್ಕಳಿಗೆ ಆಟದಲ್ಲೇ ಕಲಿಸುತ್ತಾರಂತೆ. ಆಟ ಕಟ್ಟುವವರು ಮೂವರು ಬಂದು ಒಂಬತ್ತು ದಿನ ಅದರ ಫೋಟೋ ತೆಗೆದರು. ಗಾಜಿನ ಪೆಟ್ಟಿಗೆಯಿಂದ ಇಳಿಸಿ, ಒಂದೊಂದೇ ಚಕ್ರ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟವಳು ನಾನೇ. ಇನ್ನೊಬ್ಬರ ಕೈಗೆ ಬಿಡುವಷ್ಟು ಎದೆಗಾರಿಕೆ ನನಗಿಲ್ಲ. ನಿಮ್ಮ ಕುರ್ಚಿಯಲ್ಲಿ ಕೂತು ಆರು ವರ್ಷವಾದರೂ ಅದನ್ನು ಮುಟ್ಟುವಾಗ ಬೆರಳು ತಣ್ಣಗಾಗುತ್ತದೆ. ಈಗ ಪರದೆಯ ಮೇಲೆ ಬೆರಳಿಟ್ಟು ಹಿಡಿ ತಿರುಗಿಸಿದರೆ ಸೂರ್ಯನ ಸುತ್ತ ಆರೂ ಗ್ರಹಗಳು ಸುತ್ತುತ್ತವೆ, ಪೀಠದ ಮೇಲಿನ ಮುಳ್ಳು ಜನವರಿಯಿಂದ ಫೆಬ್ರವರಿಗೆ ಸರಿಯುತ್ತದೆ, ಮುದುಕಿ ನರಳುವುದೂ ಥೇಟ್ ಹಾಗೇ. ಹಿತ್ತಾಳೆಯನ್ನು ಮಾತ್ರ ನಿನ್ನೆ ತಂದ ಪಾತ್ರೆಯ ಹಾಗೆ ಫಳಫಳ ಹೊಳೆಸಿದ್ದರು. ಇನ್ನೂರೈವತ್ತು ವರ್ಷದ್ದಪ್ಪಾ, ಸ್ವಲ್ಪ ಮರ್ಯಾದೆ ಕೊಡಿ ಎಂದು ಜಗಳವಾಡಿ ಮಂಕು ಮಾಡಿಸಿದೆ.

ಆಟದ ಕೊನೆಯ ಹಂತದಲ್ಲಿ ಯಂತ್ರ ನಿಂತುಹೋಗುತ್ತದೆ. ಯಾಕೆ ನಿಂತಿತೆಂದು ಮಕ್ಕಳು ಹುಡುಕಬೇಕು. ಭೂಮಿಯ ಚಕ್ರದಲ್ಲಿ ಎರಡು ಹಲ್ಲುಗಳ ಬಣ್ಣ ಬೇರೆ ಇದೆಯಲ್ಲ, ನೀವು ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದವು, ಅವನ್ನು ಆಟ ಕಟ್ಟುವ ಹುಡುಗಿ ಬರಿಗಣ್ಣಿನಲ್ಲೇ ಹಿಡಿದುಬಿಟ್ಟಳು. ಚುರುಕು ಹುಡುಗಿ. ಹಳೆಯ ರಿಜಿಸ್ಟರ್ ಕೇಳಿದಳು, ಕೊಟ್ಟೆ. ಇಪ್ಪತ್ತೊಂಬತ್ತು ವರ್ಷದ ಹಿಂದಿನ ಪುಟದಲ್ಲಿ ನಿಮ್ಮ ದುಂಡು ಅಕ್ಷರ: ‘ಮಕ್ಕಳಿಗೆ ತೋರಿಸುವಾಗ ನನ್ನ ಕೈತಪ್ಪಿನಿಂದ ಎರಡು ಹಲ್ಲು ಮುರಿದವು.’ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. “ಇಂಥಾ ನಿಜವಾದ ಕಥೆ ಎಲ್ಲಿ ಸಿಗುತ್ತೆ ಮೇಡಂ” ಅಂದಳು. ಈಗ ಆ ಹಲ್ಲುಗಳನ್ನು ಕಂಡುಹಿಡಿದ ಮಗುವಿಗೆ ಒಂದು ಸಣ್ಣ ದೃಶ್ಯ ಕಾಣಿಸುತ್ತದೆ. ದಾರ ಕಟ್ಟಿದ ಕನ್ನಡಕ ಹಾಕಿದ ಮೀಸೆಯ ಮನುಷ್ಯನೊಬ್ಬ ಬಂದು ಹಿಡಿ ತಿರುಗಿಸುತ್ತಾನೆ, ಹಲ್ಲು ಮುರಿಯುತ್ತದೆ, ಅವನು ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ಕೆಳಗೆ ‘ನೋಡಿಕೊಳ್ಳುತ್ತಿದ್ದವರ ಅಜಾಗರೂಕತೆಯಿಂದ ಮುರಿದದ್ದು’ ಎಂದು ಬರುತ್ತದೆ. ಹೆಸರು ಹಾಕಿಲ್ಲ. ಆದರೆ ಕನ್ನಡಕ ನಿಮ್ಮದೇ, ಗೋಡೆಯ ಮೇಲಿನ ಫೋಟೋದಿಂದ ತೆಗೆದದ್ದು. ಆಡಿ ನೋಡಲು ಬಂದ ಮಕ್ಕಳು ಅಲ್ಲಿ ಬಿದ್ದು ಬಿದ್ದು ನಕ್ಕರು. ಇದರಲ್ಲಿರುವುದೆಲ್ಲ ಸರಿಯಾಗಿದೆ ಎಂದು ಸೋಮವಾರ ನಾನು ಸಹಿ ಹಾಕಬೇಕು. ಹಾಕಿದ ಕೂಡಲೇ ಎಲ್ಲ ಶಾಲೆಗಳಿಗೂ ಹೋಗುತ್ತದೆ.

ಹಲ್ಲು ಮುರಿದ ಆ ದಿನ ನಿಮ್ಮ ಸೊಂಟದಿಂದ ಬೀಗದ ಕೈಗೊಂಚಲು ಇಳಿದದ್ದು ನನಗೆ ನೆನಪಿದೆ. ವಾರಕ್ಕೊಮ್ಮೆ ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, “ಬನ್ನಿ, ನಿಮ್ಮನ್ನ ಶನಿ ತನಕ ಕರ್ಕೊಂಡ್ ಹೋಗ್ತೀನಿ” ಅನ್ನುತ್ತಿದ್ದವರು, ಆಮೇಲೆ ನಿವೃತ್ತಿಯವರೆಗೂ ಗಾಜಿನ ಪೆಟ್ಟಿಗೆಯ ಪಕ್ಕ ನಿಂತು ‘ಮುಟ್ಟಬೇಡಿ’ ಅನ್ನುತ್ತಿದ್ದಿರಿ. ಮನೆಯಲ್ಲಿ ಒಂದು ಬಲ್ಬು ಬದಲಿಸಬೇಕಾದರೂ ‘ನನ್ನ ಕೈ ನಂಬೋ ಹಾಗಿಲ್ಲ’ ಎಂದು ಅಣ್ಣನನ್ನು ಕರೆಯುತ್ತಿದ್ದಿರಿ. ನೀವು ಅದನ್ನು ತಮಾಷೆಯಾಗಿ ಹೇಳುತ್ತಿದ್ದಿರಿ, ಎಲ್ಲರೂ ನಗುತ್ತಿದ್ದರು. ನನಗೆ ಒಂದು ಸಲವೂ ನಗು ಬರಲಿಲ್ಲ.

‘ಅಜಾಗರೂಕತೆ’ಯ ಆ ಸಾಲು ತೆಗೆಯಿರಿ ಎಂದು ಹುಡುಗಿಗೆ ಹೇಳಿದೆ. ರಿಜಿಸ್ಟರಿನಲ್ಲೇ ಇದೆಯಲ್ಲ ಮೇಡಂ, ಅವರದೇ ಸಹಿ ಎಂದಳು. ಅವಳದೇನು ತಪ್ಪು? ನಿನ್ನೆ ಹಲ್ಲು ಮುರಿಯುವ ಸದ್ದು ಕೇಳಿಸಲು ಕರೆದಳು. ಪಾತ್ರೆಗಳ ರಾಶಿ ಉರುಳಿದ ಹಾಗಿತ್ತು. “ಇಷ್ಟೊಂದು ಜೋರಿಲ್ಲಮ್ಮ, ಪೆನ್ಸಿಲ್ ಮೊನೆ ಮುರಿದಷ್ಟೇ. ಆಮೇಲೆ ಹಿಡಿ ಒಂದೇ ಸಲ ಹಗುರ ಆಗುತ್ತೆ” ಎಂದುಬಿಟ್ಟೆ. ಅವಳು ಕೀಲಿಮಣೆಯಿಂದ ಕೈ ತೆಗೆದು ನನ್ನನ್ನೇ ನೋಡಿದಳು. “ನೀವು ಆಗ ಅಲ್ಲಿದ್ರಾ ಮೇಡಂ?” ಸೋಮವಾರ ಹೇಳುತ್ತೇನೆ ಎಂದು ಎದ್ದು ಬಂದೆ.

ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳಿ. ಕಣ್ಣು ಉಜ್ಜಿಕೊಳ್ಳಬೇಡಿ. ದೂರದಿಂದಲೇ ನಿಮ್ಮ ಕಾಲು ಮುಟ್ಟುತ್ತೇನೆ.

ಶಾಲೆ ಬಿಟ್ಟ ಮೇಲೆ ಮ್ಯೂಸಿಯಮ್ಮಿನ ತುಂಬ ನಿಮ್ಮ ಹಿಂದೆಯೇ ಸುತ್ತಿ ವಾಚ್‌ಮನ್ ಬಾಯಲ್ಲಿ ಹೆಸರು ಪಡೆದ,
ನಿಮ್ಮ ಬಾಲ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಬರೆಯುವುದಿಲ್ಲ, ಇಷ್ಟುದ್ದ ಇದನ್ನೇ ತಪ್ಪಿಸಿಕೊಂಡು ಬಂದೆ. ಆ ಪುಟ ಬರೆದದ್ದರ ಹಿಂದಿನ ದಿನ ಸಂಜೆ ನೀವು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಹಿಡಿಯನ್ನು ಹಿಂದಕ್ಕೆ ತಿರುಗಿಸಿದವಳು ನಾನು. ನನ್ನ ಹುಟ್ಟುಹಬ್ಬ ಕಳೆದು ವಾರವಾಗಿತ್ತು. ಮುಳ್ಳನ್ನು ಅಲ್ಲಿಗೆ ತಂದರೆ ಆ ದಿನ ಮತ್ತೆ ಬರುತ್ತದೆ ಅಂದುಕೊಂಡೆ, ಒಂಬತ್ತು ವರ್ಷದ ಬುದ್ಧಿ. ಮಾರನೆಯ ಸಂಜೆ ನೀವು ರಿಜಿಸ್ಟರ್ ಬರೆಯುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಸೋಮವಾರ ಅದೇ ಪುಟದ ಕೆಳಗೆ ಇದನ್ನು ಬರೆದು ಸಹಿ ಹಾಕುತ್ತೇನೆ, ಆಟದಲ್ಲೂ ಹಾಗೇ ಬರಲಿ. ಅವರೆಲ್ಲರಿಗಿಂತ ಮೊದಲು ನಿಮಗೆ ಗೊತ್ತಾಗಬೇಕು. ನೀವು ಮಕ್ಕಳ ಮುಂದೆ ಹಿಡಿ ಮುಟ್ಟುವ ಹೊತ್ತಿಗೆ ಅದು ಆಗಲೇ ಮುರಿದಿತ್ತು, ಅಪ್ಪಾ.