ಏಕವಚನದ ವಿಚಾರ

ಭಾನುವಾರ, ಇಪ್ಪತ್ತೆರಡನೇ ತಾರೀಕು

ಚಿರಂಜೀವಿ ಗುಂಡನಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಇಲ್ಲಿ ನಾನು, ನನ್ನ ಎಡಮಂಡಿ, ಮೇಲಿನ ಮನೆಯವರ ಸೋರುವ ನಲ್ಲಿ, ಎಲ್ಲರೂ ಇದ್ದ ಹಾಗೆಯೇ ಇದ್ದೇವೆ. ಅಲ್ಲಿ ನೀನು, ಸೊಸೆ, ಪುಟ್ಟಿ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತೆ, ಹರಿದೆ. ಮತ್ತೆ ಕೂತೆ, ಅಷ್ಟರಲ್ಲಿ ಹಾಲು ಉಕ್ಕಿತು. ಫೋನು ಮಾಡಬಹುದಿತ್ತು, ನಿಜ. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬೇರೆಯವರ ಮಾತಿಗೆ ತಂತಿ ಜೋಡಿಸುತ್ತಲೇ ಅರ್ಧ ಆಯಸ್ಸು ಕಳೆದವಳಿಗೆ ತನ್ನ ಮಾತನ್ನು ಫೋನಿನಲ್ಲಿ ಆಡಲು ಬರುವುದಿಲ್ಲ. ನಾವಿಬ್ಬರೂ ಫೋನಿನಲ್ಲಿ ‘ಊಟ ಆಯ್ತಾ’ ದಾಟಿ ಮುಂದಕ್ಕೆ ಹೋದವರೇ ಅಲ್ಲ.

ನಿನ್ನ ನಾಟಕ ನೋಡಿದೆ. ಒಂದು ಸಲವಲ್ಲ, ಎರಡು ಸಲ. ನೀನು ಕಾಗದದಲ್ಲಿ, ‘ಊರಿನಲ್ಲಿ ಪ್ರದರ್ಶನ ಇದೆ, ಟಿಕೆಟ್ ಇಟ್ಟಿದ್ದೇನೆ, ನೀವು ನೋಡಲೇಬೇಕು ಅಂತೇನೂ ಇಲ್ಲ’ ಎಂದು ಬರೆದಿದ್ದೆ. ಬಾ ಎಂದೂ ಅಲ್ಲ, ಬರಬೇಡ ಎಂದೂ ಅಲ್ಲ. ನಿನ್ನಪ್ಪನದೂ ಇದೇ ಚಾಳಿ. ‘ಚಹಾ ಮಾಡೋದಾದ್ರೆ ಮಾಡು, ಇಲ್ಲಾಂದ್ರೂ ನಡೆಯುತ್ತೆ’ ಎನ್ನುತ್ತಿದ್ದರು. ಮಾಡದಿದ್ದರೆ ಸಂಜೆಯವರೆಗೆ ಮುಖ ಗಂಟು.

ನಾನೊಬ್ಬಳೇ ಹೋಗಲಿಲ್ಲ. ನಮ್ಮ ಬೀದಿಯ ಲೈಬ್ರರಿಯ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ನಾಲ್ಕು ಜನ ಸೇರುತ್ತೇವೆ ಎಂದು ಹಿಂದೊಮ್ಮೆ ಬರೆದಿದ್ದೆನಲ್ಲ, ಅವರೂ ಬಂದರು. ನಾಟಕವೋ ಸಿನಿಮಾವೋ ಟಿ.ವಿ. ಧಾರಾವಾಹಿಯೋ, ವಾರವೆಲ್ಲ ನೋಡಿದ್ದನ್ನು ಅಲ್ಲಿ ಹರವಿಕೊಂಡು ಹಿಂಜುವುದು ನಮ್ಮ ಕೆಲಸ. ಈ ಪಾತ್ರ ಯಾಕೆ ಹೀಗೆ ಮಾಡಿತು, ಆ ಹೆಂಗಸು ಬಾಗಿಲು ಯಾಕೆ ತೆರೆಯಲಿಲ್ಲ, ಹೀಗೆ. ಲೈಬ್ರರಿ ನೋಡಿಕೊಳ್ಳುವ ಲೈಬ್ರರಿಯಮ್ಮ ಒಬ್ಬರು. ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ ಇನ್ನೊಬ್ಬರು. ಮೂರನೆಯವರು ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಅವರಿಗೆ ಕಂಡದ್ದೆಲ್ಲ ಸಂಕೇತ, ಅದಕ್ಕೆ ಅವರ ಬೆನ್ನ ಹಿಂದೆ ನಾವು ಅವರನ್ನು ಸಂಕೇತ ಮೇಷ್ಟ್ರು ಎನ್ನುತ್ತೇವೆ. ಒಂದು ಸಿನಿಮಾದಲ್ಲಿ ನಾಯಕಿ ಕೊಡೆ ಮರೆತು ಬಂದದ್ದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಕೊನೆಗೆ ಲೈಬ್ರರಿಯಮ್ಮ, ‘ಸಾರ್, ಅದು ಸಂಕೇತ ಆದ್ರೆ ನೀವು ಇಲ್ಲಿ ಬಿಟ್ಟು ಹೋಗಿರೋ ಕೊಡೆಗಳಿಗೆಲ್ಲ ಏನು ಅರ್ಥ?’ ಎಂದು ಕೇಳಿದರು.

ನಾಟಕ ಬರೆದವನು ನಮ್ಮ ಹುಡುಗ ಎಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಬಾಯಿ ತುಂಬ ಹೊಗಳಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಕರಪತ್ರದ ಮೇಲೆ ನಿನ್ನ ಕಾವ್ಯನಾಮ ಇದ್ದದ್ದು ಒಳ್ಳೆಯದೇ ಆಯಿತು.

ಬರೆದವನಿಗೇ ಅವನ ಕಥೆ ಹೇಳುತ್ತೇನೆ, ಸಹಿಸಿಕೋ. ನಾನು ಕಂಡದ್ದು ಏನು ಎಂದು ನಿನಗೂ ಗೊತ್ತಾಗಬೇಕಲ್ಲ. ‘ಕಾಯುವವರ ಬೆಂಚು’ ಎಂದು ಹೆಸರು. ಆಸ್ಪತ್ರೆಯ ವಾರ್ಡಿನ ಹೊರಗೆ ಒಂದು ಬೆಂಚು, ಅದರ ಒಂದು ತುದಿಯಲ್ಲಿ ಮಗ, ಇನ್ನೊಂದು ತುದಿಯಲ್ಲಿ ಅಪ್ಪನ ಎರಡನೇ ಹೆಂಡತಿ. ಅಪ್ಪ ಒಳಗಿದ್ದಾನೆ, ನಮಗೆ ಕಾಣುವುದಿಲ್ಲ. ಮಗ ಅವಳಿಗೆ ಇಡೀ ನಾಟಕ ‘ನೀವು’ ಎನ್ನುತ್ತಾನೆ. ನೀವು ಕಾಫಿ ಕುಡೀತೀರಾ, ನಿಮ್ಮ ಕನ್ನಡಕ ಎಲ್ಲಿ, ನೀವು ಹೇಳಿದ ಹಾಗೇ ಆಗಲಿ. ಕೊನೆಗೆ ಏನೂ ಆಗದೆ ಇರುವಾಗ ಎದ್ದು ನಿಂತು ಹೇಳುತ್ತಾನೆ: ‘ನೀನು ಮನೆಗೆ ಹೋಗು. ನಾನಿದೀನಿ.’ ಅವಳು ಚೀಲ ತೆಗೆದುಕೊಂಡು ಹೋಗುತ್ತಾಳೆ. ವಾರ್ಡಿನ ಬಾಗಿಲು ತೆರೆಯುತ್ತದೆ, ದೀಪ ಆರುತ್ತದೆ.

ಜನ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮ ಮೇಷ್ಟ್ರು ಕುರ್ಚಿಯಿಂದ ಏಳುವ ಮೊದಲೇ ಶುರುಮಾಡಿದರು. ‘ನೋಡಿದ್ರಾ, ಏಕವಚನಕ್ಕೆ ಇಳಿದುಬಿಟ್ಟ. ಅಲ್ಲಿವರೆಗೆ ಹಾಕ್ಕೊಂಡಿದ್ದ ಮರ್ಯಾದೆಯ ಅಂಗಿ ಕಳಚಿ ಎಸೆದ. ಅಪ್ಪ ನನ್ನವನು, ನೀನು ಯಾರು ಅಂತ. ಬೆಂಚು ಅಂದ್ರೆ ಸಮಾಜ.’

ಲೈಬ್ರರಿಯಮ್ಮ ಬಿಡಲಿಲ್ಲ. ‘ಇಳಿದ ಅಂತ ಯಾಕೆ ಅಂತೀರಿ, ಹತ್ತಿರ ಬಂದ ಅನ್ನಿ. ದೇವರನ್ನ ನಾವು ಬಹುವಚನದಲ್ಲಿ ಕರೀತೀವಾ? ಹೆತ್ತವಳನ್ನ ಕರೀತೀವಾ? ಅವಳು ನಿದ್ದೆಗೆಟ್ಟು ಕಣ್ಣು ಕೆಂಪು ಮಾಡ್ಕೊಂಡಿದಾಳೆ, ಮನೆಗೆ ಹೋಗಿ ಮಲಗು ಅಂತಿದಾನೆ. ಆವತ್ತು ಅವಳು ಅವನಿಗೆ ಅಮ್ಮ ಆದಳು.’

‘ಹಾಗಾದ್ರೆ ನಾನಿದೀನಿ ಅನ್ನೋದು?’

‘ನೀನು ಹೆದರಬೇಡ, ನಾನು ನೋಡ್ಕೋತೀನಿ ಅಂತ.’

‘ಅಲ್ಲಮ್ಮ, ನಾನಿರೋವಾಗ ನಿನ್ನ ಅಗತ್ಯ ಇಲ್ಲ ಅಂತ.’

ಗುಂಡ, ಆ ಜಗಳವನ್ನು ನೀನು ಕೇಳಬೇಕಿತ್ತು. ರಂಗಮಂದಿರದ ಮೆಟ್ಟಿಲಿನ ಮೇಲೆ ಶುರುವಾದದ್ದು ಬಸ್ ಸ್ಟಾಪಿನವರೆಗೂ ನಡೆಯಿತು. ಎರಡು ಬಸ್ಸು ತಪ್ಪಿದವು. ಡಾಕ್ಟರಮ್ಮ ಮಾತ್ರ, ‘ನೀವು ಸುಮ್ನೆ ಗುದ್ದಾಡ್ತಿದೀರಿ, ಆ ನಟ ಬಾಯಿತಪ್ಪಿ ನೀನು ಅಂದಿದಾನೆ ಅಷ್ಟೆ’ ಎಂದರು. ಜನರ ಬಾಯಿಯೊಳಗೆ ಇಣುಕಿಯೇ ಬದುಕುವವರು, ಅವರ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ. ತಪ್ಪೋ ಸರಿಯೋ ನೋಡಿಯೇ ಬಿಡೋಣ ಎಂದು ಮರುದಿನವೂ ಹೋದೆವು.

ಬಾಯಿತಪ್ಪಿದ್ದಲ್ಲ. ಅದೇ ಜಾಗದಲ್ಲಿ, ಅದೇ ಮಾತು. ಆದರೆ ಮೊದಲ ದಿನ ಆ ಹುಡುಗ ಅದನ್ನು ಗೋಡೆಗೆ ಹೇಳಿದ ಹಾಗೆ ಬಿರುಸಾಗಿ ಹೇಳಿದ್ದ. ಎರಡನೇ ದಿನ ಅವಳ ಹತ್ತಿರ ಬಗ್ಗಿ, ಮೆತ್ತಗೆ ಹೇಳಿದ. ಈಗ ಇನ್ನೂ ಗೊಂದಲವಾಯಿತು. ಡಾಕ್ಟರಮ್ಮನಿಗೆ ತಡೆಯಲಾಗಲಿಲ್ಲ, ಬಣ್ಣ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಅವನನ್ನು ಹೋಗಿ ಹಿಡಿದರು. ನಾವೂ ಹಿಂಬಾಲಿಸಿದೆವು.

‘ಮೇಡಂ, ನನಗೂ ಗೊತ್ತಿಲ್ಲ’ ಎಂದ ಅವನು. ‘ನಮ್ಮ ಡೈರೆಕ್ಟರ್‌ಗೂ ಗೊತ್ತಿಲ್ಲ. ಬರೆದವರಿಗೆ ಫೋನ್ ಮಾಡಿ ಕೇಳಿದ್ವಿ, ಇದು ಸಿಟ್ಟೋ ಪ್ರೀತಿಯೋ ಅಂತ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ಬರೆದ ಹಾಗೆ ಹೇಳಿ ಸಾಕು ಅಂದ್ರು. ಅದಕ್ಕೆ ಒಂದಿನ ಹಾಗೆ ಹೇಳ್ತೀನಿ, ಒಂದಿನ ಹೀಗೆ.’

ನಿನ್ನ ಆ ‘ಸ್ವಲ್ಪ ಹೊತ್ತು ಸುಮ್ಮನಿರುವುದು’ ನನಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದವನಿದ್ದಾಗಲೂ ಹಾಗೆಯೇ ಇದ್ದೆ. ಹೋಮ್‌ವರ್ಕ್ ಆಯ್ತೇನೋ ಎಂದರೂ ನಾಲ್ಕು ಸಲ ಗೋಡೆ ನೋಡಿ ಉತ್ತರ ಹೇಳುತ್ತಿದ್ದೆ.

ಮುಂದಿನ ಶನಿವಾರ ಲೈಬ್ರರಿಯಲ್ಲಿ ಮತ್ತೆ ಅದೇ ಮಾತು. ಲೈಬ್ರರಿಯಮ್ಮ ನನ್ನ ಕಡೆ ತಿರುಗಿದರು. ‘ನೀವ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದೀರಿ? ಎಕ್ಸ್‌ಚೇಂಜಲ್ಲಿ ಇದ್ದವರು, ನಮಗಿಂತ ನಿಮ್ಮ ಕಿವಿ ಚುರುಕು. ನೀವು ಹೇಳಿ.’

ನಾನು ಹೇಳಿದೆ: ‘ಅಲ್ಲಿ ಗಂಡಸು ಹೆಂಗಸಿಗೆ ನೀನು ಅಂದ ಕೂಡಲೇ ಅವಳು ಹೆಂಡತಿಯೋ, ತಂಗಿಯೋ, ಕೆಲಸದವಳೋ ಗೊತ್ತಾಗೋದು. ಅಕ್ಷರ ಎರಡೇ, ಎಳೆಯೋ ರೀತಿ ಬೇರೆ.’

‘ಸರಿ, ಇದು ಯಾವ ನೀನು?’

‘ಇದು ನನಗೆ ಗೊತ್ತಾಗ್ತಿಲ್ಲ. ಬರೆದವರನ್ನೇ ಕೇಳಬೇಕು.’

ಮೇಷ್ಟ್ರು ಕೈ ಎತ್ತಿ ತಡೆದರು. ಬರೆದವನನ್ನು ಯಾವತ್ತೂ ಕೇಳಬಾರದಂತೆ. ನಾಟಕ ಒಂದು ಸಲ ರಂಗದ ಮೇಲೆ ಬಂದಮೇಲೆ ಅದು ನೋಡಿದವರದ್ದು, ಅರ್ಥವೂ ಅವರದ್ದೇ, ಬರೆದವನು ಬಂದು ಹೇಳಿದರೂ ಅದು ಹತ್ತರಲ್ಲಿ ಹನ್ನೊಂದನೇ ಅಭಿಪ್ರಾಯವಂತೆ. ದೊಡ್ಡವರು, ಓದಿದವರು, ಇರಬಹುದು. ಆದರೆ ನನಗೆ ಯಾಕೋ ಸಿಟ್ಟು ಬಂತು. ‘ನಿಮಗೆ ಯಾರಾದರೂ ಬಂದು ನೀನು ಅಂದಿದ್ರೆ, ಅರ್ಥ ನನ್ನದು ಅಂತ ಮನೆಗೆ ಹೋಗಿ ಮಲಗ್ತಿದ್ರಾ ಸಾರ್?’ ಎಂದುಬಿಟ್ಟೆ. ಮೂವರೂ ನನ್ನ ಮುಖ ನೋಡಿದರು. ಚಹಾ ಆರುತ್ತೆ, ಕುಡೀರಿ ಎಂದು ನಾನೇ ಮಾತು ತೇಲಿಸಿದೆ.

ಈಗ ನಾನು ಮೇಷ್ಟ್ರ ಮಾತು ಮೀರಿ ಬರೆದವನನ್ನೇ ಕೇಳುತ್ತಿದ್ದೇನೆ. ಇದು ಚರ್ಚೆಯಲ್ಲಿ ಗೆಲ್ಲುವುದಕ್ಕಲ್ಲ, ನನಗೆ ಬೇಕು. ನಿನ್ನಪ್ಪನಿಗೆ ನೀನು ‘ನೀನು’ ಎನ್ನುತ್ತಿದ್ದೆ. ಪಕ್ಕದ ಮನೆಯ ಅಜ್ಜಿಗೂ ‘ನೀನು’. ನಾನು ಆ ಮನೆಗೆ ಬಂದ ದಿನದಿಂದ ನನಗೆ ‘ನೀವು’. ನಿನ್ನಪ್ಪ, ‘ನೋಡು, ಮನೇಲಿ ನಿನಗೇ ಮರ್ಯಾದೆ ಜಾಸ್ತಿ’ ಎಂದು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಜ್ವರ ಬಂದು ನನ್ನ ತೊಡೆಯ ಮೇಲೆ ಮಲಗಿದ್ದಾಗಲೂ ನೀನು, ‘ನಿಮ್ಮ ಕಾಲು ನೋಯುತ್ತಾ’ ಎಂದು ಕೇಳಿದವನು. ಕಾಲು ನೋಯುತ್ತಿರಲಿಲ್ಲ. ಆ ‘ನಿಮ್ಮ’ ನೋಯುತ್ತಿತ್ತು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಹೇಳಿ ಕೇಳಿ ಪಡೆಯುವ ಮಾತು ಅದಲ್ಲವಲ್ಲ.

ಹಾಗಾಗಿ ರಂಗದ ಮೇಲೆ ಒಬ್ಬ ಮಗ ಒಬ್ಬ ಚಿಕ್ಕಮ್ಮನಿಗೆ ‘ನೀನು’ ಎಂದಾಗ, ಅವನು ಅವಳನ್ನು ಹತ್ತಿರ ಕರೆದನೋ ಆಚೆ ಕಳಿಸಿದನೋ ನನಗೆ ಗೊತ್ತಾಗಬೇಕು. ನಟನಿಗೆ ಹೇಳದ ಉತ್ತರ ನನಗೆ ಹೇಳು. ಆಚೆ ಕಳಿಸಿದ್ದು ಎಂದರೂ ಪರವಾಗಿಲ್ಲ, ಚಿಕ್ಕಮ್ಮ ಗಟ್ಟಿಗಿತ್ತಿ. ಅರ್ಧಂಬರ್ಧ ಮಾತ್ರ ಬೇಡ.

ಉಳಿದಂತೆ ನಾಟಕ ಚೆನ್ನಾಗಿದೆ. ನರ್ಸ್ ಪಾತ್ರ ಸ್ವಲ್ಪ ಜಾಸ್ತಿ ಬುದ್ಧಿ ಹೇಳುತ್ತದೆ, ಅಷ್ಟೊಂದು ಪುರುಸೊತ್ತು ಯಾವ ನರ್ಸಿಗೂ ಇರುವುದಿಲ್ಲ. ಕಾಫಿ ಲೋಟ ಬೀಳುವ ದೃಶ್ಯಕ್ಕೆ ನನ್ನ ಪಕ್ಕದವರು ಅತ್ತರು. ನಾನು ಅಳಲಿಲ್ಲ, ನನಗೆ ಮುಂದೆ ಏನಾಗುತ್ತದೆ ಎನ್ನುವ ಚಿಂತೆಯೇ ಆಗಿತ್ತು. ಪುಟ್ಟಿಗೆ ನಾನು ಹೆಣೆದ ಟೋಪಿ ಬಿಗಿಯಾದರೆ ವಾಪಸು ಕಳಿಸಲಿ, ಬಿಚ್ಚಿ ಹೆಣೆಯುತ್ತೇನೆ. ಸೊಸೆಗೆ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ಶ್ರಮ ಕೊಡಬೇಡ. ಬರೆದದ್ದು ಜನರ ಬಾಯಲ್ಲಿ ಹೀಗೇ ಆಡುತ್ತಿರಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ
ಚಿಕ್ಕಮ್ಮ

ತಾ.ಕ.: ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ನಾಟಕದಲ್ಲಲ್ಲ. ನಿನಗೂ ಗೊತ್ತು. ನಿನ್ನಪ್ಪನ ಕೊನೆಯ ದಿನ ಆಸ್ಪತ್ರೆಯಲ್ಲಿ, ಜೀವನದಲ್ಲಿ ಒಂದೇ ಸಲ, ನೀನು ನನಗೆ ‘ನೀನು ಮನೆಗೆ ಹೋಗು’ ಎಂದೆ. ನಾನು ಹೋದೆ. ಮನೆಯ ಬೀಗ ತೆಗೆಯುತ್ತಿರುವಾಗಲೇ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಅವರು ಹೋಗಿಬಿಟ್ಟಿದ್ದರು. ಆ ಗಳಿಗೆಯಲ್ಲಿ ಅವರ ಪಕ್ಕ ಇರಲು ಹಕ್ಕಿಲ್ಲದವಳು ಎಂದೇ ನೀನು ನನ್ನನ್ನು ಕಳಿಸಿದೆ ಅಂದುಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ನಾಟಕದ ಹುಡುಗ ಅದಾದ ಮೇಲೆ ‘ನಾನಿದೀನಿ’ ಎಂದೂ ಹೇಳುತ್ತಾನೆ. ಆ ಮಾತು ಆವತ್ತು ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನಾಗಲೇ ತಿರುಗಿ ನಡೆಯುತ್ತಿದ್ದೆ. ಅದನ್ನು ನಾಟಕಕ್ಕೆಂದು ಈಗ ಸೇರಿಸಿದೆಯೋ, ಆವತ್ತೇ ಹೇಳಿದ್ದೆಯೇನೋ ಮಗಾ?