ಮೊದಲ ಪರವಾನಗಿ ಅಮ್ಮನಿಗೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಮ್ಮನಿಗೆ,

ಇಲ್ಲಿ ನಾವು ಕ್ಷೇಮ; ಅಂದರೆ ಯಾರೂ ಹಾಸಿಗೆ ಹಿಡಿದಿಲ್ಲ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರಿಸಬೇಡ.

ನೀನು ಉದ್ಘಾಟಿಸಲಿರುವ ಮಾರುಕಟ್ಟೆ ಹೆಚ್ಚುಕಡಿಮೆ ಸಿದ್ಧವಾಗಿದೆ. ಪಕ್ಷದ ಸಭೆಗಳು ನಡೆಯುತ್ತಿದ್ದ ಹಳೆಯ ಸಭಾಂಗಣವೇ ಅದು. ಗೋಡೆಯ ಮೇಲಿದ್ದ 'ಸ್ವಂತ ಲಾಭ ಸಮಾಜದ್ರೋಹ' ಎಂಬ ಬರಹಕ್ಕೆ ಸುಣ್ಣ ಬಳಿದಿದ್ದಾರೆ. ಒಂದೇ ಪದರ, ಬಿಸಿಲು ಬಿದ್ದರೆ ಈಗಲೂ ಓದಬಹುದು.

ರೇಡಿಯೊದಲ್ಲಿ ನಿನ್ನ ಭಾಷಣ ಕೇಳಿದೆವು. ಸಿದ್ಧಾಂತ ಹೊಟ್ಟೆ ತುಂಬಿಸುವುದಿಲ್ಲ, ಮನೆಯಲ್ಲೇ ದುಡಿಯುವ ಹೆಂಗಸರೇ ದೇಶದ ಬೆನ್ನೆಲುಬು ಎಂದೆ ನೀನು. ಪಕ್ಕದ ಮನೆಯ ಕ್ಷೌರಿಕ, "ನಿಮ್ಮಮ್ಮ ಇದನ್ನ ಯಾವಾಗಲೋ ಮಾಡಿ ತೋರಿಸಿದ್ರು. ಭಾಷಣ ಮಾಡ್ಲಿಲ್ಲ ಅಷ್ಟೇ" ಅಂದ.

ಹೊಲಿಗೆಯ ಮೊದಲ ಪರವಾನಗಿಯನ್ನು ವೇದಿಕೆಯ ಮೇಲೆ ನಿನ್ನ ಕೈಯಾರೆ ಅಮ್ಮನಿಗೇ ಕೊಡಬೇಕೆಂದು ಬರೆದಿದ್ದೆಯಲ್ಲ, ಅದಕ್ಕಾಗಿ ನಿನ್ನ ಕಚೇರಿಯವರು ಇಬ್ಬರು ಬಂದಿದ್ದರು. ಮರ್ಯಾದಸ್ಥರು. "ಅಮ್ಮಾ, ನೀವು ಮನೇಲಿ ಬಟ್ಟೆ ಹೊಲೀತೀರಂತೆ?" ಎಂದು ಕೇಳಿದರು. ಅಂದು ಅವಳನ್ನು ಹಿಡಿದೊಯ್ಯಲು ಬಂದ ಪಕ್ಷದವರೂ ಇದೇ ಬಾಗಿಲಲ್ಲಿ ನಿಂತು ಇದನ್ನೇ ಕೇಳಿದ್ದರು.

"ನಾನಾ? ನನಗೆ ಸೂಜಿಗೆ ದಾರ ಪೋಣಿಸೋಕೂ ಕಣ್ಣು ಕಾಣಲ್ಲಪ್ಪ" ಅಂದಳು ಅಮ್ಮ. ಅವಳ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

ನಕ್ಕರು, ಪುಸಲಾಯಿಸಿದರು. ಅವಳು ಜಗ್ಗಲಿಲ್ಲ. ಹೊಲಿಯುವುದಿಲ್ಲ ಎಂದೇ ಬರೆದುಕೊಂಡು ಹೋದರು. ಇನ್ನು ಪರವಾನಗಿ ಇಲ್ಲದೆ ಹೊಲಿದರೆ ದಂಡವಂತೆ. ಆಗ ಹೊಲಿದದ್ದು ತಪ್ಪು, ಈಗ ಕೇಳದೆ ಹೊಲಿದದ್ದು ತಪ್ಪು. ಅಮ್ಮ ಮಾತ್ರ ಅದೇ ಕಿಟಕಿಯ ಪಕ್ಕ ಅದೇ ಕೆಲಸ ಮಾಡುತ್ತಿದ್ದಾಳೆ. ಆದ್ದರಿಂದ ವೇದಿಕೆಗೆ ಬೇರೆ ಯಾರದಾದರೂ ತಾಯಿಯನ್ನು ಹುಡುಕಿಕೊ.

ಮೀಸೆ ಮೂಡದ ವಯಸ್ಸಿನಲ್ಲಿ ನೀನು ಆ ಸಭಾಂಗಣದಲ್ಲಿ ಎದ್ದು ನಿಂತು, "ನಮ್ಮಮ್ಮ ಕದ್ದು ಹೊಲಿದು ಮಾರ್ತಾಳೆ" ಎಂದಾಗ ಬಿದ್ದ ಚಪ್ಪಾಳೆ ನನಗೆ ನೆನಪಿದೆ. ನೀನು ತೊಟ್ಟಿದ್ದ ಅಂಗಿ ಅವಳೇ ಹೊಲಿದದ್ದು. ಅದಕ್ಕಾಗಿ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ಶಿಕ್ಷೆ ಮುಗಿಸಿ ಬಂದವಳು ಒಂದು ದಿನವೂ ನಿನ್ನನ್ನು ಬೈಯಲಿಲ್ಲ. ಇನ್ನೂ ಮಗು, ನಂಬಿದ್ದನ್ನು ಹೇಳಿದ ಅಂದಳು. ಈಗಲೂ ನೀನು ನಂಬಿದ್ದನ್ನೇ ಹೇಳುತ್ತಿದ್ದೀಯ ಎಂದುಕೊಳ್ಳುತ್ತೇನೆ.

ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ

ಹೇಳಲು ಮರೆತೆ: ಉದ್ಘಾಟನೆಯ ಹಿಂದಿನ ದಿನವೇ ನೀನು ಮನೆಗೆ ಬರುತ್ತೀಯೆಂದು ಅಮ್ಮನಿಗೆ ತಿಳಿಸಿದೆ. ಹಿಗ್ಗಿದಳು. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಆಮೇಲೆ ಹತ್ತಿರ ಬಂದು, "ಅವನು ಹೋಗೋ ತನಕ ಮಷೀನನ್ನ ಪಕ್ಕದ ಮನೇಲಿ ಇಟ್ಟಿರೋಣ ಕಣೆ" ಅಂದಳು.