ಅಪ್ಪನ ಗಾಡಿಗೆ ನೀರ ಹಾಕಬ್ಯಾಡ

ಶಾಂಭವಿ,

ಗಾಡಿ ಇಂಜಿನ್ನಿನ ಮ್ಯಾಲಿನ ಹೆಡ್ ಬಿಚ್ಚೀನಿ. ಸೈಲೆನ್ಸರಿನಾಗ ಬಿಳಿ ಹೊಗಿ, ಆಯಿಲ್ ನೋಡಿದ್ರ ಹಾಲ ಹಾಕಿದ ಚಾ ಆಗಿತ್ತು. ನಾ ಅಂದಂಗ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟೇ ಸುಟ್ಟು ಆಯಿಲ್ಲಿನಾಗ ನೀರ ಕೂಡೇದ. ಹೆಡ್ ಮಟ್ಟ ಮಾಡಿಸಾಕ ಶಹಾಪುರಕ್ಕ ಒಯ್ಯಾಕತ್ತೀನಿ, ಸಂಜಿ ಬಸ್ಸಿಗೆ ಬರ್ತೀನಿ.

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟೀನಿ. ಉಣ್ಣು.

ರೇಡಿಯೇಟರಿಗೆ ನೀರ ಹಾಕಬ್ಯಾಡ. ಹೆಡ್ ಇಲ್ಲ, ಹಾಕಿದ್ದು ಇಂಜಿನ್ನಿನ ಒಳಗ ಇಳದು ಜಂಗ್ ಹಿಡೀತದ. ಮೊನ್ನಿ ಹೆಡ್ ಬಿಚ್ಚಿದ ಮ್ಯಾಲೆ ಒಳಗ ನೀರ ತುಂಬಿದ್ದಕ್ಕ ನೀನೇ ಹಾಕೀ ಅಂತ ಬೈದೆ, ಎಲ್ಲಾ ಒರಸಿ ಒಣಗಿಸಿದೆ. ನಿನ್ನಿ ನೀ ಕೊಂಕಲ್‌ಗೆ ಹೋದಿ, ಗೇಟಿನ ಕೀಲಿಕೈ ನನ್ನ ಕಿಸೆದಾಗಿತ್ತು. ಇವತ್ತ ಮುಂಜಾನೆ ನೋಡಿದ್ರ ಇಂಜಿನ್ನಿನಾಗ ಮತ್ತ ನೀರ ತುಂಬಿತ್ತು. ತಪ್ಪಾತವ್ವ, ನೀ ಅಲ್ಲ.

ಅಪ್ಪ ತಾ ಮುಖ ತೊಳಕೊಳ್ಳೂಕಿಂತ ಮೊದಲ ಗಾಡಿಗೆ ನೀರ ಕುಡಸತಿದ್ದ, ನೆನಪದಲ್ಲ. ಅಂವ ತೀರಿದ ಮ್ಯಾಲೆ ಮೂರ ತಿಂಗಳಿಂದ ಆ ಹಿತ್ತಾಳಿ ತಂಬಿಗಿ ಅಟ್ಟದ ಮ್ಯಾಲೇ ಇತ್ತು. ಇವತ್ತ ಬಾನೆಟ್ಟಿನ ಮ್ಯಾಲಿತ್ತು. ಹಸಿ ಇತ್ತು.

ಅದನ್ನ ತೊಳದು ಕಟ್ಟಿ ಮ್ಯಾಲ ಬೋರಲ ಹಾಕಿ ಹೊಂಟೀನಿ. ನೀ ಬಂದಾಗ ನೆಟ್ಟಗ ನಿಂತಿದ್ರ ಅಂಜಬ್ಯಾಡ. ‘ಅಪ್ಪಾ, ಗಾಡಿ ರಿಪೇರಿಗೆ ಬಿಚ್ಚೀವಿ, ನೀರ ಸಾಕು’ ಅಂತ ಜೋರಾಗಿ ಹೇಳು. ನಾನೂ ಹೇಳಿ ನೋಡೀನಿ. ಗಾಡಿ ವಿಷಯದಾಗ ನನ್ನ ಮಾತ ಎಂದ ಕೇಳ್ಯಾನ ಅಂವ?

ಅಣ್ಣ